ಹೊಸ್ತಿಲ ನಾಡು: ಹಾವೇರಿ ಸೀಮೆಯನ್ನು ಕಾಣಬಂದ ಪ್ರವಾಸಿಕನಿಗೆ

ಪರದೇಶಗಳಲ್ಲಿ ಸಂಚರಿಸಿ ಬಂದವರು ಆಯಾ ದೇಶದ ಚರಿತ್ರೆ, ಆಚಾರ, ಆಹಾರಗಳನ್ನು ಕುರಿತು ಪರಿಚಯಗ್ರಂಥಗಳನ್ನು ಬರೆಯುವ ವಾಡಿಕೆಯು ಲೋಕದಲ್ಲೆಲ್ಲ ಉಂಟು. ಯುರೋಪಖಂಡದ ಆಗ್ನೇಯ ಮೂಲೆಯಲ್ಲಿ ಬಾಲ್ಕನ್ ಎಂದು ಕರೆಯಿಸಿಕೊಳ್ಳುವ ಸಣ್ಣ ಸಣ್ಣ ದೇಶಗಳಿಗೂ ಅಂಥ ಕೈಪಿಡಿಗಳಿರುವವು. ಅಲ್ಲಿಗೆ ಹೋಗುವವನು ಯಾವ ಕೋಟೆಯನ್ನು ನೋಡಬೇಕು, ಯಾವ ಮಠದಲ್ಲಿ ನಿಲ್ಲಬೇಕು, ಯಾವ ಊರಿನಲ್ಲಿ ಏನನ್ನು ಉಣ್ಣಬೇಕು ಎಂಬುದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಆದರೆ ಪುಣೆಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಹಗಲಿರುಳೂ ಓಡುವ ಸಾವಿರಾರು ಜನರು ಬಂಕಾಪುರ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಹೆಸರನ್ನು ಫಲಕಗಳ ಮೇಲೆ ಓದುತ್ತಲೇ ಮುಂದಕ್ಕೆ ಹೋಗಿಬಿಡುವರು. "ಇಲ್ಲಿ ನೋಡತಕ್ಕದ್ದೇನುಂಟು?" ಎಂದು ಅವರು ಕೇಳಿದರೆ, ಈ ಊರವರೇ ಬಾದಾಮಿಯ ಕಡೆಗೋ ಹಂಪೆಯ ಕಡೆಗೋ ಬೆರಳು ತೋರಿಸುವರು. ಆದಕಾರಣ ಈ ಲೇಖವು ದೂರದಿಂದ ಬಂದವನಿಗೆಷ್ಟೋ ಅಷ್ಟೇ ಮನೆಯಲ್ಲಿದ್ದವನಿಗೂ ಉದ್ದೇಶಿಸಿದ್ದು.

ಸಂಸ್ಕೃತ ಶಾಸ್ತ್ರಕಾರರು ದೇಹಲೀದೀಪ ನ್ಯಾಯವೆಂದು ಒಂದನ್ನು ಹೇಳುವರು. ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಬೆಳಗುವದು, ಹೊರಗಿನ ಅಂಗಳವನ್ನೂ ಬೆಳಗುವದು. ಹಾವೇರಿ ಸೀಮೆಗೆ ಒಪ್ಪುವ ಉಪಮಾನವು ಇದಕ್ಕಿಂತ ಬೇರೊಂದಿಲ್ಲ. ಪಡುವಣ ಮಲೆನಾಡು ಮುಗಿದು ಮೂಡಣ ಬಯಲುಸೀಮೆ ಮೊದಲಾಗುವ ಜಾಗವಿದು. ಹಾನಗಲ್ಲಿನ ಕಡೆಗೆ ಭತ್ತದ ಗದ್ದೆ, ಅಡಿಕೆಯ ತೋಟ. ರಾಣೆಬೆನ್ನೂರಿನ ಕಡೆಗೆ ಜೋಳ, ಹತ್ತಿಗಳ ಎರೆಯ ಹೊಲ, ಕೃಷ್ಣಮೃಗಗಳು ನೆಗೆದಾಡುವ ಬಯಲು. ಸಾಗರದ ಹತ್ತಿರ ಹುಟ್ಟಿದ ವರದೆಯು ಮಲೆನಾಡಿನ ನೀರನ್ನು ಹೊತ್ತು ತಂದು ಗಳಗನಾಥದ ಬಳಿ ತುಂಗಭದ್ರೆಗೆ ಒಪ್ಪಿಸುವದು. ಧರ್ಮಾ ನದಿಯು ಹಾನಗಲ್ಲ ಸೀಮೆಗೆ ನೀರುಣಿಸಿ ವರದೆಯನ್ನು ಕೂಡುವದು. ಕುಮುದ್ವತಿಯು ರಟ್ಟೀಹಳ್ಳಿಯನ್ನು ಬಳಸಿ ಹರಿಯುವದು. ೧೯೯೭ನೆಯ ಆಗಸ್ಟ ೨೪ರಂದು ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯೆನಿಸಿದ ಈ ನಾಡಿಗೆ ವಯಸ್ಸು ಕಡಿಮೆ. ನೆಲದ ವಯಸ್ಸು ಮಾತ್ರ ಬಹಳ.

ಯಾವ ದೇಶವನ್ನು ಹೊಕ್ಕರೂ ಪ್ರವಾಸಿಕನು ಮೂರು ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿ ಆಳಿದವರಾರು? ಇಲ್ಲಿ ನುಡಿದವರಾರು? ಇಲ್ಲಿ ಉಣ್ಣುವದೇನು? ಮೊದಲನೆಯದಕ್ಕೆ ಉತ್ತರ ದೊರೆತರೆ ಚರಿತ್ರೆ ತಿಳಿಯಿತು. ಎರಡನೆಯದಕ್ಕೆ ದೊರೆತರೆ ಸಂಸ್ಕೃತಿ ತಿಳಿಯಿತು. ಮೂರನೆಯದಕ್ಕೆ ದೊರೆತರೆ ಮನುಷ್ಯರ ಪರಿಚಯವಾಯಿತು. ಈ ಮೂರನ್ನೂ ಸ್ಥಾಲೀಪುಲಾಕ ನ್ಯಾಯದಿಂದ, ಅಂದರೆ ಗಡಿಗೆಯೊಳಗಿನ ಒಂದೆರಡು ಅಗುಳನ್ನು ಹಿಚುಕಿ ಅನ್ನದ ಹದವನ್ನರಿಯುವಂತೆ, ಇಲ್ಲಿ ನೋಡೋಣ.

ಆಳಿದವರ ಮಾತು ಮೊದಲು. ಈ ಸೀಮೆಯಲ್ಲಿ ಸಾಮ್ರಾಜ್ಯದ ರಾಜಧಾನಿಯಾದ ಊರಿಲ್ಲ. ಬಾದಾಮಿ, ಮಾನ್ಯಖೇಟ, ಕಲ್ಯಾಣ, ದೋರಸಮುದ್ರ, ವಿಜಯನಗರ, ಬಿಜಾಪುರ, ಎಲ್ಲವೂ ಹೊರಗಿನವೇ. ಇಲ್ಲಿದ್ದವರು ಆ ಚಕ್ರವರ್ತಿಗಳ ಗಡಿಯನ್ನು ಕಾಯ್ದ ಸಾಮಂತರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನಿಗೆ ಬಲಗೈಯಾಗಿದ್ದ ದಂಡನಾಯಕ ಬಂಕೆಯನ ಹೆಸರಿನಿಂದ ಬಂಕಾಪುರವಾಯಿತು. ಅವನ ಮಗ ಲೋಕಾದಿತ್ಯನು ಆ ಊರಿನಲ್ಲಿದ್ದು ಬನವಾಸಿ ನಾಡನ್ನು ಆಳುತ್ತಿದ್ದನು. ಹಾನಗಲ್ಲು ಆಗ ಪಾನುಂಗಲ್ಲೆಂಬ ಹೆಸರಿನಿಂದ ಐನೂರು ಹಳ್ಳಿಗಳ ನಾಡಿಗೆ ತಲೆಯೂರಾಗಿ ಕದಂಬರ ಒಂದು ಶಾಖೆಗೆ ನೆಲೆಯಾಯಿತು. ಗುತ್ತಲದಲ್ಲಿ ಗುತ್ತರೆಂಬ ಅರಸರಿದ್ದರು. ತಾವು ಉಜ್ಜಯಿನಿಯ ವಿಕ್ರಮಾದಿತ್ಯ ಚಂದ್ರಗುಪ್ತನ ವಂಶದವರೆಂದು ಅವರು ಶಾಸನಗಳಲ್ಲಿ ಹೇಳಿಕೊಂಡಿರುವರು. ತುಂಗಭದ್ರೆಯ ತಡಿಯ ಚಿಕ್ಕ ಅರಸನೊಬ್ಬನು ಉಜ್ಜಯಿನಿಯ ನೆನಪನ್ನು ಕಾಯ್ದುಕೊಂಡಿದ್ದನೆಂಬುದು ಈ ಹೊಸ್ತಿಲಿನ ಸ್ವಭಾವಕ್ಕೆ ತಕ್ಕದ್ದೇ.

ಗಡಿನಾಡಿನ ಹಣೆಯಬರಹವೇ ಬೇರೆ. ದೊಡ್ಡವರಿಬ್ಬರು ಕಾದಿದರೆ ಅದರ ಪೆಟ್ಟು ಮೊದಲು ಬೀಳುವದು ಹೊಸ್ತಿಲಿಗೆ. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳನ ದಂಡು ಹಾನಗಲ್ಲನ್ನು ಮುತ್ತಿತು. ೧೫೬೫ರಲ್ಲಿ ವಿಜಯನಗರವು ಸೋತ ತರುವಾಯ ಬಂಕಾಪುರದ ಕೋಟೆಯು ಬಿಜಾಪುರದ ಆದಿಲಶಾಹಿಗೆ ಸೇರಿತು. ಔರಂಗಜೇಬನ ಕಾಲದಲ್ಲಿ ಪಠಾಣ ನವಾಬರು ಸವಣೂರಿನಲ್ಲಿ ನೆಲೆಯೂರಿದರು. ೧೭೫೬ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನ ಮರಾಠಾ ಸೈನ್ಯವೂ, ೧೭೮೬ರಲ್ಲಿ ಟಿಪ್ಪೂ ಸುಲ್ತಾನನ ಸೈನ್ಯವೂ ಸವಣೂರಿನ ಬಾಗಿಲಿಗೆ ಬಂದವು. ೧೮೧೮ರಲ್ಲಿ ಪೇಶವೆಯ ರಾಜ್ಯವಳಿದ ಮೇಲೆ ಇಂಗ್ಲಿಷರ ಆಳಿಕೆ. ಸವಣೂರು ಮಾತ್ರ ಅವರ ಆಶ್ರಯದಲ್ಲಿ ಚಿಕ್ಕ ಸಂಸ್ಥಾನವಾಗಿ ಉಳಿದು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ಏಕೀಕರಣದಲ್ಲಿ ಈ ಸೀಮೆಯೆಲ್ಲ ಕನ್ನಡಿಗರ ಒಂದೇ ರಾಜ್ಯದೊಳಕ್ಕೆ ಬಂದಿತು.

ಮೇಲೆ ಹೇಳಿದ ಬಾಲ್ಕನ್ ದೇಶಗಳ ಚರಿತ್ರೆಯೂ ಇದೇ ಬಗೆಯದು. ಸರ್ಬಿಯಾ ದೇಶವನ್ನೇ ತೆಗೆದುಕೊಂಡರೆ, ದಕ್ಷಿಣಕ್ಕೆ ತುರ್ಕ ಸುಲ್ತಾನನ ಸಾಮ್ರಾಜ್ಯ, ಉತ್ತರಕ್ಕೆ ಆಸ್ಟ್ರಿಯಾದ ಚಕ್ರವರ್ತಿ. ನಡುವೆ ಬೆಲ್‌ಗ್ರೇಡ್ ಕೋಟೆಯು ಕೈಯಿಂದ ಕೈಗೆ ಎಷ್ಟೋ ಸಲ ಹೋಯಿತು. ಇಂಥ ದೇಶಗಳಲ್ಲಿ ಅರಮನೆಗಳನ್ನು ಹುಡುಕಿಕೊಂಡು ಹೋದವನು ನಿರಾಶನಾಗಿ ಮರಳುವನು. ಅರಸರು ಕಟ್ಟಿಸಿದ್ದು ಅವರ ಶತ್ರುಗಳ ಕೈಯಲ್ಲಿ ಹಾಳಾಗಿರುತ್ತದೆ. ಉಳಿಯತಕ್ಕದ್ದು ಮೂರು: ದೇವರಿಗೆ ಕೊಟ್ಟದ್ದು, ನಾಲಗೆಗೆ ಬಂದದ್ದು, ನೆಲಕ್ಕೆ ಬಿತ್ತಿದ್ದು. ದಾನ, ನುಡಿ, ಬೀಜ ಈ ಮೂರರಲ್ಲಿಯೇ ಗಡಿನಾಡಿನ ನಿಜವಾದ ಇತಿಹಾಸವು ಅಡಗಿರುವದು.

ಮೊದಲು ದಾನವನ್ನು ನೋಡೋಣ. ಪ್ರವಾಸಿಕನು ಹಾವೇರಿಯಲ್ಲಿ ಇಳಿದರೆ ಸಿದ್ಧೇಶ್ವರ ದೇವಾಲಯಕ್ಕೆ ಹೋಗಬೇಕು. ಚಾಲುಕ್ಯ ಶೈಲಿಯ ಈ ಗುಡಿಯು ಬಳಪದ ಕಲ್ಲಿನಲ್ಲಿ ಕಟ್ಟಿದ್ದು. ಉಳಿದ ಗುಡಿಗಳಂತೆ ಮೂಡಲಿಗಲ್ಲದೆ ಪಡುವಲಿಗೆ ಮುಖ ಮಾಡಿ ನಿಂತಿರುವದು ಇದರ ವಿಶೇಷ. ಅಲ್ಲಿಂದ ಪಡುವಲಿಗೆ ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ಮಂಟಪದ ಮೇಲ್ಛಾವಣಿಯಿಂದ ಕೆಳಮುಖವಾಗಿ ಅರಳಿದ ಕಲ್ಲಿನ ತಾವರೆಯನ್ನು ತಲೆಯೆತ್ತಿ ನೋಡಬೇಕು. ಪಾಂಡವರು ಅಜ್ಞಾತವಾಸವಿದ್ದ ವಿರಾಟನಗರಿಯು ಇದೇ ಎಂದು ಹಾನಗಲ್ಲಿನವರು ಹೇಳುವರು. ರಟ್ಟೀಹಳ್ಳಿಯ ಕದಂಬೇಶ್ವರನದು ಮೂರು ಗರ್ಭಗೃಹಗಳ ತ್ರಿಕೂಟ. ಬಂಕಾಪುರದ ಕೋಟೆಯೊಳಗಿನ ನಗರೇಶ್ವರನ ಗುಡಿಯನ್ನು ಜನರು ಅರವತ್ತು ಕಂಬದ ಗುಡಿಯೆಂದು ಕರೆಯುವರು. ಅದರ ಸುತ್ತಲಿನ ಪೊದೆಗಳಲ್ಲಿ ಈಗ ನವಿಲುಗಳ ರಾಜ್ಯ. ಗಳಗನಾಥದಲ್ಲಿ ವರದಾ ತುಂಗಭದ್ರೆಯರ ಸಂಗಮದ ಹತ್ತಿರ, ಹೊಳೆಯ ಮಹಾಪೂರಕ್ಕೆ ಎದೆಗೊಟ್ಟು ನಿಲ್ಲುವಂತೆ ಬುಡವನ್ನು ವಿಶಾಲವಾದ ಇಳಿಜಾರಾಗಿ ಕಟ್ಟಿದ ಗಳಗೇಶ್ವರನ ಆಲಯವುಂಟು. ಶಿಲ್ಪಿಯು ದೇವರಿಗೆ ಗುಡಿಯನ್ನು ಕಟ್ಟುವಾಗ ನದಿಯ ಸ್ವಭಾವವನ್ನೂ ಬಲ್ಲವನಾಗಿದ್ದನು.

ಚೌಡದಾನಪುರದ ಮುಕ್ತೇಶ್ವರ ಕ್ಷೇತ್ರಕ್ಕೆ ಹೋದವನು ಕೆತ್ತನೆಯನ್ನು ನೋಡಿ ಹಿಂತಿರುಗಬಾರದು. ಅಲ್ಲಿ ಆಳೆತ್ತರವನ್ನು ಮೀರಿ ನಿಂತ ಶಿಲಾಶಾಸನಗಳ ಮುಂದೆ ನಿಲ್ಲಬೇಕು. ಶಾಸನವೆಂದರೆ ಬರಿಯ ಪ್ರಶಸ್ತಿಯಲ್ಲ, ಅದೊಂದು ಕರಾರುಪತ್ರ. ಇಂಥ ಹೊಲ, ಇಂಥ ತೋಟ, ಇಂಥ ಸುಂಕ, ದೇವರ ನಂದಾದೀಪಕ್ಕೆ ಇಷ್ಟು, ತಪಸ್ವಿಗಳ ಊಟಕ್ಕೆ ಇಷ್ಟು, ಓದುವ ಮಕ್ಕಳಿಗೆ ಇಷ್ಟು ಎಂದು ಮಧ್ಯಕಾಲದ ಕನ್ನಡ ಶಾಸನಗಳು ವಿವರವಾಗಿ ಹೇಳುವವು. ಕೊನೆಗೆ, ಇದನ್ನು ಕಾಯ್ದವನಿಗೆ ಪುಣ್ಯವೆಂದೂ ಅಳಿದವನಿಗೆ ಪಾಪವೆಂದೂ ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುವವು. ರಾಜ್ಯವು ನಾಳೆ ಯಾರದಾಗುವದೋ ಎಂಬುದನ್ನು ಗಡಿನಾಡಿನ ಜನರು ಚೆನ್ನಾಗಿ ಬಲ್ಲವರಾಗಿದ್ದರು. ಅದಕ್ಕಾಗಿಯೇ ಅವರು ಮಾತನ್ನು ಕಲ್ಲಿನ ಮೇಲೆ ಬರೆದರು.

ಇನ್ನು ನುಡಿದವರ ವಿಷಯ. ಜಿನಸೇನಾಚಾರ್ಯರು ಮೊದಲುಮಾಡಿದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಉತ್ತರಪುರಾಣದಿಂದ ಮುಗಿಸಿದರಷ್ಟೆ. ಆ ಗ್ರಂಥದ ಪ್ರಶಸ್ತಿಯಲ್ಲಿ ಬಂಕಾಪುರದ ಹೆಸರೂ ಲೋಕಾದಿತ್ಯನ ಹೆಸರೂ ಶಕವರ್ಷ ೮೨೦, ಅಂದರೆ ಕ್ರಿಸ್ತಶಕ ೮೯೮ರ ಸುಮಾರಿನ ಕಾಲವೂ ಉಲ್ಲೇಖಿತವಾಗಿವೆ. ಇದಾದ ಮುಕ್ಕಾಲು ಶತಮಾನಕ್ಕೆ ಗಂಗರ ಅರಸನಾದ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಹೇಳುವದು. ಇಂದು ಬರಿಯ ಕೋಟೆಯ ಹೆಸರಾಗಿ ಉಳಿದ ಬಂಕಾಪುರವು ಅಂದು ವಿದ್ಯೆಯ ಊರಾಗಿತ್ತು.

ಈ ನಾಡಿನಲ್ಲಿ ಮತಗಳು ಸದಾ ಸ್ನೇಹದಿಂದಿದ್ದವೆಂದು ಹೇಳುವದು ಸತ್ಯಕ್ಕೆ ದೂರವಾದೀತು. ಹಿರೇಕೆರೂರ ತಾಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆಯು ಶಾಸನದಲ್ಲಿಯೂ ಶಿಲ್ಪದಲ್ಲಿಯೂ ಮೂಡಿರುವದು. ಆತನು ಜೈನರೊಡನೆ ಪಣತೊಟ್ಟು ತನ್ನ ತಲೆಯನ್ನರಿದು ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಬಿಜ್ಜಳನಿಂದ ಜಯಪತ್ರವನ್ನು ಪಡೆದನೆಂದೂ ಅಲ್ಲಿ ಹೇಳಿದೆ. ಪವಾಡವನ್ನು ನಂಬುವವರು ನಂಬಲಿ. ವಾದದ ಕಾವು ಎಷ್ಟಿತ್ತೆಂಬುದಕ್ಕೆ ಆ ಕಲ್ಲೇ ಸಾಕ್ಷಿ. ಹೊಸ್ತಿಲಲ್ಲಿ ಬರುವವರೂ ಹೋಗುವವರೂ ಒಬ್ಬರನ್ನೊಬ್ಬರು ಒರಸಿಕೊಂಡೇ ಸಾಗಬೇಕಾಗುವದು. ಆದರೆ ಅದೇ ಶತಮಾನದಲ್ಲಿ ಹೊಳೆಯಲ್ಲಿ ದೋಣಿ ನಡೆಯಿಸುತ್ತಿದ್ದ ಅಂಬಿಗರ ಚೌಡಯ್ಯನು ಶರಣನಾಗಿ, ಎದುರಿನವನು ಎಷ್ಟು ದೊಡ್ಡವನೆಂದು ನೋಡದೆ ಡಾಂಭಿಕತೆಯನ್ನು ಜರೆದು ವಚನಗಳನ್ನು ನುಡಿದನು. ಅವನ ಗದ್ದುಗೆಯು ಚೌಡದಾನಪುರದಲ್ಲಿಯೇ ಇರುವದು.

ಮುಂದೆ ಕನಕದಾಸರು. ಶಿಗ್ಗಾಂವಿ ತಾಲೂಕಿನ ಬಾಡವು ಅವರು ಹುಟ್ಟಿದ ಊರು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನು ಅವರ ಅಂಕಿತ. ನಾಯಕತನವನ್ನು ಬಿಟ್ಟು ದಾಸನಾದ ಈ ಮಹನೀಯನು ಬರೆದ ಗ್ರಂಥಗಳಲ್ಲಿ ರಾಮಧಾನ್ಯಚರಿತೆಯೆಂಬುದು ಲೋಕದ ಸಾಹಿತ್ಯದಲ್ಲಿಯೇ ಅಪೂರ್ವವಾದದ್ದು. ಅದರಲ್ಲಿ ರಾಗಿಗೂ ಭತ್ತಕ್ಕೂ ಯಾರು ಶ್ರೇಷ್ಠರೆಂದು ಶ್ರೀರಾಮನ ಸನ್ನಿಧಿಯಲ್ಲಿ ವ್ಯಾಜ್ಯ ನಡೆಯುವದು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಲಾಗಿ, ಬತ್ತವು ಬಲಗುಂದಿತು. ಬಡವರ ಧಾನ್ಯವಾದ ನರೆದಲೆಗ ಅಂದರೆ ರಾಗಿಯು ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನೇ ಪಡೆಯಿತು. ಕುಲದ ಮೇಲು ಕೀಳುಗಳ ಪ್ರಶ್ನೆಯನ್ನು ಧಾನ್ಯದ ಬಾಯಿಂದ ಕೇಳಿಸಿದ ಈ ಕವಿಯು, ಗದ್ದೆಯ ಭತ್ತವೂ ಬಯಲಿನ ಕಿರುಧಾನ್ಯವೂ ಒಂದೇ ಸಂತೆಯಲ್ಲಿ ಎದುರುಬದುರಾಗುವ ನಾಡಿನವನು. ಅಡುಗೆಮನೆಯಿಂದ ಧರ್ಮಶಾಸ್ತ್ರಕ್ಕೆ ದಾರಿಯುಂಟೆಂಬುದನ್ನು ಆತನಿಂದ ಕಲಿಯಬೇಕು.

ನವಾಬರ ಸವಣೂರಿನಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರ ಬೃಂದಾವನವಿದೆ. ಅದೇ ಊರಿನ ದೊಡ್ಡಹುಣಸೆ ಮಠದ ಅಂಗಳದಲ್ಲಿ ಆಫ್ರಿಕಾಖಂಡದ ಜಾತಿಯ ಮೂರು ಮಹಾವೃಕ್ಷಗಳು ಆನೆಯ ಹೊಟ್ಟೆಯಂಥ ಬೊಡ್ಡೆಗಳಿಂದ ನಿಂತಿರುವವು. ಸಮುದ್ರದಾಚೆಯ ಈ ಮರಗಳು ಮಠದ ಹೆಸರೇ ಆಗಿಹೋಗಿವೆ. ಶಿಶುನಾಳದ ಷರೀಫಸಾಹೇಬರು (೧೮೧೯–೧೮೮೯) ಮುಸಲ್ಮಾನ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವೆಂದು ಹಿಡಿದು, ಒಕ್ಕಲಿಗನ ಮಾತಿನಲ್ಲಿ ವೇದಾಂತವನ್ನು ಹಾಡಿದರು. ಗಳಗನಾಥ ಗ್ರಾಮದಲ್ಲಿ ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರನ್ನೇ ಕಾವ್ಯನಾಮವಾಗಿ ಧರಿಸಿ ಕಾದಂಬರಿಗಳನ್ನು ಬರೆದರಲ್ಲದೆ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರಿಗೆ ಮಾರಿ ಕನ್ನಡಿಗರಿಗೆ ಓದುವ ಚಟವನ್ನು ಹತ್ತಿಸಿದರು. ಮೋಟೆಬೆನ್ನೂರಿನ ಮೈಲಾರ ಮಹಾದೇವನು ಹರೆಯದಲ್ಲಿಯೇ, ೧೯೩೦ರಲ್ಲಿ, ಗಾಂಧೀಜಿಯವರೊಡನೆ ದಾಂಡಿಗೆ ನಡೆದು, ೧೯೪೩ನೆಯ ಎಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಡನೆ ಗುಂಡಿಗೆ ಎದೆಯೊಡ್ಡಿದನು. ಆಚಾರ್ಯ, ಶರಣ, ದಾಸ, ಫಕೀರ, ಗ್ರಂಥಕಾರ, ಹುತಾತ್ಮ ಇವರೆಲ್ಲರೂ ಒಂದು ದಿನದ ಪಯಣದ ಅಂತರದಲ್ಲಿ ಸಿಕ್ಕುವ ಸೀಮೆಗಳು ಬಹಳ ಇರಲಾರವು.

ಈಗ ಎಲೆಯ ಮುಂದೆ ಕೂಡ್ರೋಣ. ಈ ನಾಡಿನ ಊಟವೆಂದರೆ ಜೋಳದ ರೊಟ್ಟಿ; ಬಿಸಿಯಾಗಿದ್ದರೆ ಮೆತ್ತಗೆ, ಒಣಗಿಸಿ ಇಟ್ಟರೆ ಕಟಕಟಿ. ಜೊತೆಗೆ ಎಣ್ಣೆಗಾಯಿ ಬದನೆ, ಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿ, ಅಗಸಿಯ ಪುಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ; ಚಳಿಗಾಲದಲ್ಲಿ ಹುಳಿಯೇರಿದ ಕರಿಂಡಿ. ಹಾನಗಲ್ಲಿನ ಕಡೆಗೆ ಹೋದಂತೆ ರೊಟ್ಟಿಯ ಪಕ್ಕದಲ್ಲಿ ಅನ್ನದ ರಾಶಿಯು ದೊಡ್ಡದಾಗುವದು. ಮಲೆನಾಡು ಹತ್ತಿರ ಬಂದಿತೆಂಬುದನ್ನು ಎಲೆಯನ್ನು ನೋಡಿಯೇ ತಿಳಿಯಬಹುದು. ಊಟವಾದ ಮೇಲೆ ಸವಣೂರಿನ ವೀಳ್ಯದೆಲೆ. ಹಾವೇರಿಯನ್ನು ಏಲಕ್ಕಿ ಕಂಪಿನ ನಾಡೆಂದು ಹೊಗಳುವ ರೂಢಿಯಿದೆ. ಆ ಏಲಕ್ಕಿಯು ಇಲ್ಲಿಯ ಬೆಳೆಯಲ್ಲ. ಮಲೆನಾಡಿನಿಂದ ಬಂದು, ಈ ಪೇಟೆಯಲ್ಲಿ ಹದಗೊಂಡು, ಬಯಲುಸೀಮೆಗೆ ಹೋಗತಕ್ಕ ಸರಕು. ಆ ವ್ಯಾಪಾರದ ನೆನಪಾಗಿ ಇಲ್ಲಿಯ ಕುಶಲಿಗಳು ಕಟ್ಟುವ ಏಲಕ್ಕಿಯ ಹಾರವು ಸಭೆ ಸಮ್ಮೇಳನಗಳಲ್ಲಿ ಅತಿಥಿಗಳ ಕೊರಳನ್ನು ಅಲಂಕರಿಸುವದು.

ಈ ಎಲೆಯ ಮೇಲಿನ ಪದಾರ್ಥಗಳನ್ನು ಒಂದೊಂದಾಗಿ ಅವುಗಳ ತವರೂರನ್ನು ಕೇಳಿದರೆ ಆಶ್ಚರ್ಯವಾಗುವದು. ಜೋಳದ ಮೂಲವು ಆಫ್ರಿಕಾ. ಅದು ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂದಿತು. ಶೇಂಗಾ ದಕ್ಷಿಣ ಅಮೇರಿಕದ್ದು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮದೆಂದು ನಾವು ಹೆಮ್ಮೆಪಡುವ ಮೆಣಸಿನಕಾಯಿಯೂ ಅಮೇರಿಕದ್ದೇ. ೧೪೯೨ರಲ್ಲಿ ಕೊಲಂಬಸನು ಆ ಖಂಡವನ್ನು ಕಾಣುವದಕ್ಕೆ ಮುಂಚೆ ಭರತಖಂಡದ ಯಾವ ಅಡುಗೆಯಲ್ಲಿಯೂ ಅದು ಇರಲಿಲ್ಲ. ನಮ್ಮ ಪೂರ್ವಿಕರ ಖಾರವೆಲ್ಲ ಕರಿಮೆಣಸು, ಹಿಪ್ಪಲಿ, ಶುಂಠಿಗಳದ್ದು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಜರು ಹಡಗಿನಲ್ಲಿ ತಂದ ಈ ಹಣ್ಣು ಘಟ್ಟವನ್ನೇರಿ ಬಂದು, ಬ್ಯಾಡಗಿಯ ಸುತ್ತಲಿನ ಎರೆಯ ನೆಲದಲ್ಲಿ ಬೇರೂರಿತು. ನಮ್ಮವರು ಅದನ್ನು ಮೆಣಸಿನ ಹೆಸರಿನಿಂದಲೇ ಕರೆದು, "ಕಾಯಿ" ಎಂಬ ಒಂದು ಶಬ್ದವನ್ನು ಸೇರಿಸಿ ಮನೆಯವರನ್ನಾಗಿ ಮಾಡಿಕೊಂಡರು.

ಇಲ್ಲಿ ಬಾಲ್ಕನ್ನಿನ ಮಾತು ಮತ್ತೊಮ್ಮೆ ಬರುವದು. ಅದೇ ಅಮೇರಿಕದ ಹಣ್ಣು ತುರ್ಕರ ಆಳಿಕೆಯ ಕಾಲದಲ್ಲಿ ಬಾಲ್ಕನ್ ದೇಶಗಳನ್ನೂ ಅವುಗಳಿಗೆ ಹತ್ತಿದ ಹಂಗೇರಿಯನ್ನೂ ಸೇರಿತು. ಅಲ್ಲಿಯ ಸ್ಲಾವ ಜನರು ಕರಿಮೆಣಸಿಗೆ ತಮ್ಮಲ್ಲಿದ್ದ ಪಾಪರ್ ಎಂಬ ಹೆಸರಿನಿಂದ ಈ ಹೊಸ ಹಣ್ಣಿಗೆ ಪಾಪ್ರಿಕಾ ಎಂದು ಹೆಸರಿಟ್ಟರು. ಪಾಪರ್ ಎಂಬುದು ಲ್ಯಾಟಿನ್ನಿನ ಪೀಪೆರ್ ಶಬ್ದದಿಂದ ಬಂದದ್ದು. ಅದು ಗ್ರೀಕರ ಪೆಪೆರಿಯಿಂದ. ಗ್ರೀಕರಿಗೆ ಆ ಶಬ್ದವು ಸರಕಿನೊಡನೆ ಭರತಖಂಡದಿಂದಲೇ ಹೋದದ್ದು. ಅದರ ಮೂಲವು ಸಂಸ್ಕೃತದ ಪಿಪ್ಪಲೀ ಶಬ್ದ, ನಮ್ಮ ಅಜ್ಜಿಯರು ಕೆಮ್ಮಿಗೆ ಅರೆದು ಕೊಡುತ್ತಿದ್ದ ಹಿಪ್ಪಲಿ. ಹೀಗೆ ಅಮೇರಿಕದಿಂದ ಹಣ್ಣು, ಭಾರತದಿಂದ ಹೆಸರು, ಇವೆರಡೂ ಬಾಲ್ಕನ್ನಿನ ಹೊಲದಲ್ಲಿ ಕೂಡಿಕೊಂಡವು. ವೈಯಾಕರಣನಿಗೂ ಒಕ್ಕಲಿಗನಿಗೂ ಸಮಾನವಾಗಿ ಸಂತೋಷವನ್ನು ಕೊಡುವ ಸಂಗತಿಯಿದು.

ಸಾಮ್ಯವು ಹೆಸರಿಗೇ ನಿಲ್ಲುವದಿಲ್ಲ. ಸರ್ಬಿಯಾದ ಲೆಸ್ಕೊವಾತ್ಸ್ ಪ್ರಾಂತದ ಹಳ್ಳಿಗಳಲ್ಲಿ ಶರತ್ಕಾಲ ಬಂತೆಂದರೆ ಕೆಂಪು ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಮನೆಯ ಗೋಡೆಗಳ ತುಂಬ ತೂಗಹಾಕುವರು. ಸಿಹಿಜಾತಿಯ ಹಣ್ಣುಗಳನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ಬೇಯಿಸಿ, ಐವಾರ್ ಎಂಬ ಚಟ್ನಿಯನ್ನು ಮಾಡಿ ಚಳಿಗಾಲಕ್ಕೆಂದು ಭರಣಿಗಳಲ್ಲಿ ತುಂಬಿಡುವರು. ನೆರೆಹೊರೆಯ ಹೆಂಗಸರು ಕೂಡಿ ಮಾಡುವ ಕೆಲಸವದು. ನಮ್ಮಲ್ಲಿ ಸುಗ್ಗಿಯ ಹೊತ್ತಿಗೆ ಹಸಿಯ ಕೆಂಪು ಮೆಣಸಿನಕಾಯನ್ನು ಉಪ್ಪು, ಬೆಳ್ಳುಳ್ಳಿ, ಮೆಂತೆ, ನಿಂಬೆಯ ಹುಳಿಗಳೊಡನೆ ಅರೆದು ವರುಷದ ಮಟ್ಟಿಗೆ ಭರಣಿ ತುಂಬುವದಿಲ್ಲವೇ? ಅದನ್ನು ನಾವು ರಂಜಕವೆನ್ನುವೆವು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಬಣ್ಣವನ್ನು ಕೊಡುವದು ಎಂದೂ, ಮನಸ್ಸನ್ನು ಸಂತೋಷಗೊಳಿಸುವದು ಎಂದೂ ಎರಡರ್ಥ. ಹೆಸರಿಟ್ಟವರು ಯಾರೋ, ಎರಡರ್ಥವನ್ನೂ ನಾಲಗೆಯಲ್ಲಿ ಬಲ್ಲವರಾಗಿದ್ದರು.

ಬಣ್ಣವೆಂಬ ಮಾತಿನಲ್ಲಿಯೇ ಬ್ಯಾಡಗಿಯ ಮಹಿಮೆಯಿರುವದು. ಬೇರೆ ಕಡೆಯ ಮೆಣಸಿನಕಾಯಿಯನ್ನು ಖಾರಕ್ಕಾಗಿ ಕೊಂಡರೆ ಬ್ಯಾಡಗಿಯದನ್ನು ಕೊಳ್ಳುವದು ಬಣ್ಣಕ್ಕಾಗಿ. ಒಣಗಿದ ಮೇಲೆ ಸುಕ್ಕುಗಟ್ಟುವ ಮೈ, ಗಾಢವಾದ ಕೆಂಪು, ಹದವಾದ ಖಾರ, ಇವು ಅದರ ಲಕ್ಷಣಗಳು. ಗಿಡ್ಡಾಗಿ ಉಬ್ಬಿದ್ದು ಡಬ್ಬಿ, ಉದ್ದವಾಗಿ ತೆಳುವಾದದ್ದು ಕಡ್ಡಿ. ಈ ಬಣ್ಣದ ತೈಲರೂಪವಾದ ಸಾರವನ್ನು ತೆಗೆದು ಆಹಾರಪದಾರ್ಥಗಳಿಗೂ ಹೆಂಗಸರ ತುಟಿಬಣ್ಣ ಉಗುರುಬಣ್ಣಗಳಿಗೂ ಬಳಸುವರು. ಬ್ಯಾಡಗಿಯ ಪೇಟೆಯು ಭಾರತದ ದೊಡ್ಡ ಮೆಣಸಿನಕಾಯಿಯ ಪೇಟೆಗಳಲ್ಲೊಂದು. ಸುಗ್ಗಿಯಲ್ಲಿ ಅಂಗಳಗಳೆಲ್ಲ ಕುಂಕುಮವನ್ನು ಚೆಲ್ಲಿದಂತೆ ಕಾಣುವವು, ಹೊಸಬನು ಸೀನುತ್ತಲೇ ಊರನ್ನು ಹೊಗುವನು. ೨೦೧೧ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕವೆಂಬ ಸರ್ಕಾರದ ಮುದ್ರೆ ದೊರೆಯಿತು. ಹಂಗೇರಿಯ ಸೆಗೆಡ್ ನಗರದಲ್ಲಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಎಂಬ ಪಂಡಿತನು ಅಲ್ಲಿಯ ಪಾಪ್ರಿಕಾದಲ್ಲಿ ಸಿ ಜೀವಸತ್ತ್ವವು ಹೇರಳವಾಗಿರುವದನ್ನು ಕಂಡು, ಅದನ್ನು ಅದರಿಂದ ಬೇಕಾದಷ್ಟು ತೆಗೆದನು. ಆ ಜೀವಸತ್ತ್ವವನ್ನು ಕುರಿತ ಶೋಧಗಳನ್ನೊಳಗೊಂಡ ಕಾರ್ಯಕ್ಕಾಗಿ ೧೯೩೭ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಊರ ಸಂತೆಯ ಕಾಯಿಯನ್ನು ಆದರದಿಂದ ನೋಡಿದ ವಿದ್ವಾಂಸನಿಗೆ ಲೋಕವೇ ಆದರ ಮಾಡಿತು.

ಆದರೆ ಮುದ್ರೆಯೊಂದರಿಂದ ಬೀಜವು ಉಳಿಯುವದಿಲ್ಲ. ಬ್ಯಾಡಗಿಯ ಹಳೆಯ ತಳಿಯು ಮಳೆಯನ್ನು ನಂಬಿ ಬೆಳೆಯತಕ್ಕದ್ದು. ಅದರ ಇಳುವರಿ ಕಡಿಮೆ. ನೀರಾವರಿಯಲ್ಲಿ ಬೆಳೆಯುವ ಸಂಕರ ತಳಿಗಳು ಎಕರೆಗೆ ಅದಕ್ಕಿಂತ ಬಹಳ ಹೆಚ್ಚು ಕೊಡುವವು. ದೂರದ ಜಿಲ್ಲೆಗಳಿಂದಲೂ ಆಂಧ್ರದ ಕಡೆಯಿಂದಲೂ ಅವು ಇದೇ ಪೇಟೆಗೆ ಬಂದು ಬೀಳುವವು. ಕೊಳ್ಳುವವನ ಕಣ್ಣಿಗೆ ಎಲ್ಲವೂ ಬ್ಯಾಡಗಿಯೇ. ೨೦೨೪ನೆಯ ಮಾರ್ಚ ೧೧ರಂದು ಬೆಲೆಯು ಒಮ್ಮೆಲೇ ಕುಸಿಯಿತೆಂದು ಕೆರಳಿದ ರೈತರು ಬ್ಯಾಡಗಿಯ ಮಾರುಕಟ್ಟೆಯ ಕಚೇರಿಗೆ ನುಗ್ಗಿದರು; ವಾಹನಗಳು ಬೆಂಕಿಗೆ ಬಿದ್ದವು. ಬೆಂಕಿಯಿಡುವದು ನ್ಯಾಯವೆಂದು ಯಾರೂ ಹೇಳಲಾರರು. ಆದರೆ ವರುಷವಿಡೀ ಬೆವರು ಸುರಿಸಿ ತಂದ ಮಾಲಿಗೆ ಒಂದು ಮುಂಜಾನೆ ಕೊಟ್ಟ ಬೆಲೆಯು ಮರುದಿನ ಇಲ್ಲವೆಂದರೆ ಒಕ್ಕಲಿಗನ ಎದೆಯು ಏನಾಗುವದೆಂಬುದನ್ನು, ಕುಂಕುಮ ಚೆಲ್ಲಿದ ಅಂಗಳವನ್ನು ಕೊಂಡಾಡುವವರು ತಿಳಿದಿರಬೇಕು. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರು ಇದೇ ಜಿಲ್ಲೆಯಲ್ಲಿರುವದು. ಅಲ್ಲಿ ವರ್ಷ ವರ್ಷವೂ ಕೊಳ್ಳಬೇಕಾದ ಸಂಕರ ಬೀಜ. ಹಿಂದೆ ನಮ್ಮ ಅಟ್ಟದ ಮೇಲೆ ಬೂದಿ ಬೆರೆಸಿ ಇಟ್ಟ ಮನೆಯ ಬೀಜ. ಮೊದಲನೆಯದರಿಂದ ಹೊಟ್ಟೆ ತುಂಬಿತೆಂಬುದು ಸತ್ಯ; ಎರಡನೆಯದು ಬರಿದಾದರೆ ಹೆಸರು ಮಾತ್ರ ಉಳಿದು ವಸ್ತುವು ಹೋಗುವದೆಂಬುದೂ ಸತ್ಯ.

ಬೀಜಕ್ಕೆ ಬಂದ ಗತಿಯೇ ಶಾಸನಕ್ಕೂ ನುಡಿಗೂ ಬರುವದು. ಹಳ್ಳಿ ಹಳ್ಳಿಗಳಲ್ಲಿ ವೀರಗಲ್ಲು ಶಾಸನಗಳು ಬಟ್ಟೆ ಒಗೆಯುವ ಕಲ್ಲಾಗಿಯೋ, ಸುಣ್ಣ ಬಳಿದ ದೇವರಾಗಿಯೋ, ಬೇಲಿಯ ಆಸರೆಯಾಗಿಯೋ ಇರುವದನ್ನು ಎಲ್ಲರೂ ಕಂಡಿರುವರು. ಎಂಟುನೂರು ವರುಷಗಳ ದಂಡಯಾತ್ರೆಗಳನ್ನು ಸಹಿಸಿ ಉಳಿದ ಅಕ್ಷರಗಳು ನಮ್ಮ ಒಂದು ಕೊಡ ಸುಣ್ಣದಲ್ಲಿ ಮುಚ್ಚಿಹೋಗುವವು. ರಾಮಧಾನ್ಯಚರಿತೆಯ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಮಕ್ಕಳು ಅದರ ಒಂದು ಪದ್ಯವನ್ನೂ ಓದದೆ ಶಾಲೆಯನ್ನು ಮುಗಿಸುವರು. ೨೦೨೩ನೆಯ ಜನವರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಹಾವೇರಿಯಲ್ಲಿ ನೆರೆದಾಗ ನಾಡಿನ ನಾಲ್ಕೂ ದಿಕ್ಕಿನಿಂದ ಜನರು ಬಂದರು, ಉಂಡರು, ಕೇಳಿದರು, ಹೋದರು. ಅತಿಥಿಗಳು ಹೋದ ಮೇಲೆ ಮನೆಯನ್ನು ನೋಡಿಕೊಳ್ಳಬೇಕಾದವರು ಮನೆಯವರೇ.

ಆದುದರಿಂದ ಪ್ರವಾಸಿಕನಲ್ಲಿ ಒಂದು ವಿಜ್ಞಾಪನೆ, ಮನೆಯವರಲ್ಲಿ ಮೂರು. ಪ್ರವಾಸಿಕನೇ, ಹೆದ್ದಾರಿಯಿಂದ ಇಳಿ; ಒಂದು ಹಗಲನ್ನು ಈ ಸೀಮೆಗೆ ಕೊಡು; ಗುಡಿಯನ್ನು ನೋಡಿದ ಮೇಲೆ ಒಂದು ರೊಟ್ಟಿಯೂಟವನ್ನೂ ಮಾಡು. ಮನೆಯವರೇ, ನಿಮ್ಮ ಊರ ಶಾಸನ ಯಾವುದೆಂಬುದನ್ನು ತಿಳಿದುಕೊಂಡು ಅದರ ಸುತ್ತ ಒಂದು ಕಟ್ಟೆಯನ್ನು ಕಟ್ಟಿರಿ. ವರುಷಕ್ಕೊಮ್ಮೆಯಾದರೂ ಚೌಡಯ್ಯನ, ಕನಕನ, ಷರೀಫರ ನುಡಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಹೊಲವಿದ್ದವರು ಒಂದು ಮಡಿಯಲ್ಲಿ ಡಬ್ಬಿಯ ಹಳೆಯ ತಳಿಯನ್ನು ಬೆಳೆದು ಬೀಜವನ್ನು ನೆರೆಯವರಿಗೆ ಹಂಚಿರಿ. ಹೊಲವಿಲ್ಲದವರು ಅದನ್ನು ಗುರುತಿಸಿ ತಕ್ಕ ಬೆಲೆ ಕೊಟ್ಟು ಕೊಳ್ಳಿರಿ. ಯಾವ ದೇಶದಿಂದ ಏನು ಬಂದರೂ ಅದನ್ನು ಎರೆಯ ಮಣ್ಣಿನಲ್ಲಿ ಊರಿ ತಮ್ಮದನ್ನಾಗಿ ಮಾಡಿಕೊಂಡ ಹಿರಿಯರ ಮಕ್ಕಳು ನಾವು. ಅವರು ಹೊರಗಿನದನ್ನು ತಮ್ಮದನ್ನಾಗಿ ಮಾಡಿಕೊಂಡರು. ನಾವು ನಮ್ಮದನ್ನು ಹೊರಗಿನದೆಂಬಂತೆ ಕಾಣುತ್ತಿರುವೆವು. ಹೊಸ್ತಿಲ ದೀಪಕ್ಕೆ ಎಣ್ಣೆಯನ್ನು ಹೊಯ್ಯಬೇಕಾದವರು ಮನೆಯೊಳಗಿನವರೇ ಸರಿ.